ಭೂಮಿಯ ದುಡಿಮೆ, ಮನುಷ್ಯನ ಪಾಲು: ನಕ್ಷೆ ಮಾಡುವವರ ಪ್ರಶ್ನೆಗಳು

ನೆಲದ ಮತ್ತು ಕಡಲಿನ ಸಸ್ಯಗಳು ವರ್ಷಕ್ಕೆ ಎಷ್ಟು ಬೆಳೆಯುತ್ತವೆ, ಅದರಲ್ಲಿ ಮನುಷ್ಯ ಎಷ್ಟನ್ನು ತನ್ನದಾಗಿಸಿಕೊಳ್ಳುತ್ತಾನೆ, ಇದನ್ನೆಲ್ಲ ನಕ್ಷೆಯಲ್ಲಿ ತೋರಿಸುವುದು ಹೇಗೆ ಎಂದು ಹಲವು ಓದುಗರು ಕೇಳಿದ್ದಾರೆ. ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ಪ್ರೌಢಶಾಲೆಯ ಗೋಡೆಗೆ ಜಗತ್ತಿನ ‘ಹಸಿರು ಉತ್ಪಾದನೆ’ಯ ದೊಡ್ಡ ನಕ್ಷೆ ಮಾಡಬೇಕೆಂದಿದ್ದೇವೆ. ಹುಡುಕಿದರೆ ಜೀವರಾಶಿ, ಉತ್ಪಾದಕತೆ, ಸಸ್ಯ ಸೂಚ್ಯಂಕ ಎಂದು ಮೂರು ಬಗೆಯ ನಕ್ಷೆಗಳು ಸಿಗುತ್ತವೆ. ಯಾವುದನ್ನು ಆರಿಸಬೇಕು? (ವಿಜ್ಞಾನ ಶಿಕ್ಷಕಿ)

ಮೂರೂ ಬೇರೆ ಬೇರೆ ಅಳತೆಗಳು. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ನಕ್ಷೆ ಚೆಂದವಾಗಿಯೇ ಇರುತ್ತದೆ, ಹೇಳುವುದು ಮಾತ್ರ ಸುಳ್ಳಾಗುತ್ತದೆ. ಜೀವರಾಶಿ ಎಂದರೆ ಈ ಹೊತ್ತಿಗೆ ನಿಂತಿರುವ ಸಸ್ಯಗಳ ಒಟ್ಟು ತೂಕ. ಉತ್ಪಾದಕತೆ ಎಂದರೆ ಒಂದು ವರ್ಷದಲ್ಲಿ ಹೊಸದಾಗಿ ಬೆಳೆದದ್ದು. ಅಂಗಡಿಯ ದಾಸ್ತಾನಿಗೂ ವರ್ಷದ ವಹಿವಾಟಿಗೂ ಎಷ್ಟು ವ್ಯತ್ಯಾಸವೋ ಇವೆರಡಕ್ಕೂ ಅಷ್ಟೇ. ಸಸ್ಯ ಸೂಚ್ಯಂಕವಂತೂ ತೂಕವೇ ಅಲ್ಲ. ಎಲೆಗಳಿಂದ ಪ್ರತಿಫಲಿಸುವ ಎರಡು ಬಗೆಯ ಬೆಳಕಿನ ಅನುಪಾತ ಅದು. ಅದಕ್ಕೆ ಏಕಮಾನವೂ ಇಲ್ಲ.

ಈ ಗೊಂದಲದಿಂದ ಎಷ್ಟು ಹೆಚ್ಚುಕಡಿಮೆ ಆಗುತ್ತದೆ ಎಂಬುದಕ್ಕೆ ಕಡಲೇ ಸಾಕ್ಷಿ. ಭೂಮಿಯ ಮೇಲಿನ ಸಸ್ಯಗಳಲ್ಲಿ ಸುಮಾರು 450 ಗಿಗಾಟನ್ ಇಂಗಾಲ ಇದೆ ಎಂದು ಬಾರ್-ಆನ್, ಫಿಲಿಪ್ಸ್ ಮತ್ತು ಮಿಲೊ 2018ರಲ್ಲಿ ಲೆಕ್ಕ ಹಾಕಿದರು (1 ಗಿಗಾಟನ್ ಎಂದರೆ 100 ಕೋಟಿ ಟನ್). ಅದು ಬಹುಮಟ್ಟಿಗೆ ಎಲ್ಲವೂ ನೆಲದ್ದೇ. ಕಡಲಿನ ಸಸ್ಯಪ್ಲವಕಗಳನ್ನು (ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳನ್ನು) ತೂಗಿದರೆ ಅದರ ಶೇ 1ರಷ್ಟೂ ಆಗುವುದಿಲ್ಲ. ವರ್ಷದ ಉತ್ಪಾದನೆಯ ಲೆಕ್ಕವೇ ಬೇರೆ. ಕ್ರಿಸ್ಟೋಫರ್ ಫೀಲ್ಡ್ ಮತ್ತು ಸಂಗಡಿಗರು 1998ರಲ್ಲಿ ಕೊಟ್ಟ ಅಂದಾಜಿನಂತೆ ಭೂಮಿಯ ಒಟ್ಟು ನಿವ್ವಳ ಉತ್ಪಾದನೆ ವರ್ಷಕ್ಕೆ 104.9 ಗಿಗಾಟನ್ ಇಂಗಾಲ: ನೆಲದಿಂದ 56.4, ಕಡಲಿನಿಂದ 48.5. ಪ್ಲವಕಗಳು ಹುಟ್ಟಿ ಕೆಲವೇ ದಿನಗಳಲ್ಲಿ ಬೇರೆ ಜೀವಿಗಳಿಗೆ ಆಹಾರವಾಗಿ ಮುಗಿದುಹೋಗುತ್ತವೆ, ಹಿಂದೆಯೇ ಹೊಸವು ಹುಟ್ಟುತ್ತವೆ. ಹಾಗಾಗಿ ಜೀವರಾಶಿಯ ನಕ್ಷೆಯಲ್ಲಿ ಖಾಲಿ ಕಾಣುವ ಕಡಲು ಉತ್ಪಾದನೆಯ ನಕ್ಷೆಯಲ್ಲಿ ಹೆಚ್ಚುಕಡಿಮೆ ಅರ್ಧ ಪಾಲಿನ ಒಡೆಯ.

ನಿಮ್ಮ ಉದ್ದೇಶಕ್ಕೆ ಬೇಕಾದದ್ದು ನಿವ್ವಳ ಪ್ರಾಥಮಿಕ ಉತ್ಪಾದನೆ, ಅಂದರೆ ಎನ್‌ಪಿಪಿ. ಸಸ್ಯ ದ್ಯುತಿಸಂಶ್ಲೇಷಣೆಯಿಂದ ಹಿಡಿದಿಟ್ಟ ಇಂಗಾಲದಲ್ಲಿ ಸುಮಾರು ಅರ್ಧದಷ್ಟು ಅದರ ಸ್ವಂತ ಉಸಿರಾಟಕ್ಕೇ ಖರ್ಚಾಗುತ್ತದೆ. ಉಳಿದದ್ದು ಎಲೆ, ಕಾಂಡ, ಬೇರು, ಕಾಳು ಆಗುತ್ತದೆ. ಹುಳುವಿನಿಂದ ಮನುಷ್ಯನವರೆಗೆ ಎಲ್ಲರೂ ಹಂಚಿಕೊಳ್ಳಬೇಕಾದದ್ದು ಈ ಉಳಿಕೆಯನ್ನೇ. ಅಳೆಯುವುದು ಒಂದು ಚದರ ಮೀಟರಿನಲ್ಲಿ ಒಂದು ವರ್ಷಕ್ಕೆ ಎಷ್ಟು ಇಂಗಾಲ ಎಂಬ ಲೆಕ್ಕದಲ್ಲಿ. ಹಿಮ ಮುಚ್ಚದ ನೆಲದ ಸರಾಸರಿ 420 ಗ್ರಾಂನಷ್ಟು, ಕಡಲಿನ ಸರಾಸರಿ 140 ಗ್ರಾಂನಷ್ಟು, ಉಷ್ಣವಲಯದ ಮಳೆಕಾಡಿನಲ್ಲಿ 1 ಕೆ.ಜಿ. ಆಸುಪಾಸು.

ನಕ್ಷೆಯ ಮೂಲೆಯಲ್ಲಿ ಸಣ್ಣ ಪಟ್ಟಿಯೊಂದಕ್ಕೆ ಜಾಗವಿದ್ದರೆ ಈ ಲೆಕ್ಕ ಹಾಕಿ. 1 ಕೆ.ಜಿ. ಇಂಗಾಲ ಎಂದರೆ 2 ಕೆ.ಜಿ.ಗಿಂತ ತುಸು ಹೆಚ್ಚು ಒಣ ಸಸ್ಯ. ಸುಟ್ಟರೆ ಸಿಗುವ ಶಕ್ತಿ 38 ಮೆಗಾಜೂಲ್‌ನಷ್ಟು. ಅದೇ ಚದರ ಮೀಟರಿಗೆ ವರ್ಷವಿಡೀ ಬಿದ್ದ ಬಿಸಿಲು ಸುಮಾರು 6,000 ಮೆಗಾಜೂಲ್. ಮಳೆಕಾಡು ಕೂಡ ಬಿಸಿಲಿನ ಶೇ 1ರಷ್ಟನ್ನು ಉಳಿಸಿಕೊಳ್ಳುವುದಿಲ್ಲ. ಮಕ್ಕಳು ನಕ್ಷೆಗಿಂತ ಈ ಲೆಕ್ಕದ ಮುಂದೆಯೇ ಹೆಚ್ಚು ಹೊತ್ತು ನಿಂತರೂ ನಿಲ್ಲಬಹುದು.

ಪ್ರಶ್ನೆ: ಉತ್ಪಾದನೆಯ ದತ್ತಾಂಶ ಎಲ್ಲಿ ಸಿಗುತ್ತದೆ? ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ತೆರೆದು ಬಣ್ಣ ಹಚ್ಚುವವರೆಗಿನ ಹಂತಗಳನ್ನು ತಿಳಿಸಿ. (ಭೂಗೋಳ ವಿದ್ಯಾರ್ಥಿ)

ನೆಲಕ್ಕೆ ಸುಲಭವಾಗಿ ಸಿಗುವುದು ನಾಸಾದ ಉಪಗ್ರಹದಲ್ಲಿರುವ ಮೋಡಿಸ್ ಸಂವೇದಕದ ವಾರ್ಷಿಕ ಉತ್ಪನ್ನ. ಅದರ ಹೆಸರು ಎಂಒಡಿ17ಎ3ಎಚ್‌ಜಿಎಫ್. 500 ಮೀಟರ್ ಪಿಕ್ಸೆಲ್, ವರ್ಷಕ್ಕೊಂದು ಪದರ. ಅರ್ಥ್‌ಡೇಟಾ ಖಾತೆ ಉಚಿತ. ಖಾತೆ ತೆರೆದ ಮೇಲೆ ‘ಆ್ಯಪಿಯರ್ಸ್’ ಎಂಬ ಸೇವೆಯಲ್ಲಿ ನಿಮ್ಮ ಪ್ರದೇಶದ ಗಡಿಯ ಕಡತ ಕೊಟ್ಟು, ವರ್ಷ ಆರಿಸಿ, ‘ಎನ್‌ಪಿಪಿ’ ಪದರವನ್ನು ಜಿಯೋಟಿಫ್ ರೂಪದಲ್ಲಿ ಕೇಳಿ. ಮೂಲ ಎಚ್‌ಡಿಎಫ್ ಕಡತಗಳನ್ನು ನೇರವಾಗಿ ಇಳಿಸಿಕೊಂಡರೆ ತೊಂದರೆ ಎರಡು: ಭೂಮಿಯನ್ನು ಚೌಕಗಳಾಗಿ ಕತ್ತರಿಸಿಟ್ಟಿರುವುದರಿಂದ ಅವನ್ನು ನೀವೇ ಜೋಡಿಸಬೇಕು, ಮತ್ತು ಅವು ಸೈನುಸಾಯ್ಡಲ್ ಪ್ರಕ್ಷೇಪದಲ್ಲಿ (ಪ್ರಕ್ಷೇಪ ಎಂದರೆ ದುಂಡು ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ವಿಧಾನ) ಇರುವುದರಿಂದ ಬದಿಗಳಲ್ಲಿ ಓರೆಯಾಗಿ ಕಾಣುತ್ತವೆ.

ಆಮೇಲಿನ ಕೆಲಸ ಈ ಕ್ರಮದಲ್ಲಿ ನಡೆಯಲಿ. ಮೊದಲು ಅಮಾನ್ಯ ಪಿಕ್ಸೆಲ್‌ಗಳನ್ನು ತೆಗೆಯಿರಿ (ಇದರ ವಿವರ ಮುಂದಿನ ಉತ್ತರದಲ್ಲಿದೆ). ಉಳಿದ ಬೆಲೆಗಳನ್ನು 0.0001ರಿಂದ ಗುಣಿಸಿದರೆ ಚದರ ಮೀಟರಿಗೆ ಕೆ.ಜಿ. ಇಂಗಾಲ ಸಿಗುತ್ತದೆ. ನಂತರ ಸಮ-ವಿಸ್ತೀರ್ಣ ಪ್ರಕ್ಷೇಪಕ್ಕೆ ಬದಲಿಸಿ. ಬಣ್ಣ ಹಚ್ಚುವುದು ಕೊನೆಗೆ. ಈ ಕ್ರಮ ತಪ್ಪಿದರೆ, ಅಂದರೆ ಪ್ರಕ್ಷೇಪ ಬದಲಿಸಿದ ಮೇಲೆ ಅಮಾನ್ಯ ಪಿಕ್ಸೆಲ್ ತೆಗೆಯಲು ಹೋದರೆ, ಕರಾವಳಿಯುದ್ದಕ್ಕೂ ನೆಲದ ಬೆಲೆ ಮತ್ತು ನೀರಿನ ಸಂಕೇತ ಬೆರೆತು ಹೊಸದೇ ಸಂಖ್ಯೆಗಳು ಹುಟ್ಟಿಕೊಂಡಿರುತ್ತವೆ. ಅವನ್ನು ಆಮೇಲೆ ಗುರುತಿಸಿ ಬೇರ್ಪಡಿಸಲು ಆಗುವುದಿಲ್ಲ.

ಬಣ್ಣದ ಮೆಟ್ಟಿಲುಗಳಿಗೆ 0.1, 0.25, 0.5, 0.75, 1.0 ಎಂಬ ಗಡಿಗಳು ಸಾಕು. ತಂತ್ರಾಂಶದಲ್ಲಿ ಸಿಗುವ ‘ಸಮಾನ ಎಣಿಕೆ’ ವಿಂಗಡಣೆ ಬೇಡ. ಪ್ರತಿ ವರ್ಷಕ್ಕೂ ಅದರ ಗಡಿಗಳು ಬೇರೆಯಾಗುತ್ತವೆ, ಹಾಗಾಗಿ ಎರಡು ವರ್ಷಗಳ ನಕ್ಷೆಯನ್ನು ಪಕ್ಕಪಕ್ಕ ಇಟ್ಟರೂ ಹೋಲಿಸುವಂತಿಲ್ಲ.

ಈ ದತ್ತಾಂಶವನ್ನು ಯಾರೂ ನೇರವಾಗಿ ತೂಗಿದ್ದಲ್ಲ ಎಂಬುದೂ ನೆನಪಿರಲಿ. ಎಲೆಗಳು ಹೀರಿದ ಬೆಳಕಿನ ಪ್ರಮಾಣ, ಆ ಸಸ್ಯವರ್ಗದ ದಕ್ಷತೆ, ಕನಿಷ್ಠ ತಾಪಮಾನ, ಗಾಳಿಯ ಒಣತನ ಇವುಗಳಿಂದ ಹಾಕಿದ ಲೆಕ್ಕ. ಮಣ್ಣಿನ ತೇವವನ್ನು ಈ ಮಾದರಿ ನೇರವಾಗಿ ನೋಡುವುದಿಲ್ಲ. ಹಾಗಾಗಿ ಒಣ ಗಾಳಿಯ ನಡುವಿನ ನೀರಾವರಿ ಹೊಲಕ್ಕೆ ಇದು ಕಡಿಮೆ ಅಂಕ ಕೊಡುವುದುಂಟು.

ಪ್ರಶ್ನೆ: ಅದೇ ದತ್ತಾಂಶದಲ್ಲಿ ಕೆರೆ, ಮರುಭೂಮಿ ಮತ್ತು ನಗರಗಳೇ ಅತಿ ಹೆಚ್ಚು ಉತ್ಪಾದಕ ಎಂದು ಬರುತ್ತಿದೆ. ಕಡತ ಹಾಳಾಗಿದೆಯೆ?

ಕಡತ ಸರಿಯಾಗಿದೆ. ಎನ್‌ಪಿಪಿ ಪದರದಲ್ಲಿ 32761ರಿಂದ 32767ರವರೆಗಿನ ಸಂಖ್ಯೆಗಳು ಬೆಲೆಗಳಲ್ಲ, ಸಂಕೇತಗಳು: 32762 ನಗರ, 32763 ಕಾಯಂ ಜೌಗು, 32764 ಹಿಮ, 32765 ಬರಡು ನೆಲ, 32766 ನೀರು. ಇವನ್ನೂ 0.0001ರಿಂದ ಗುಣಿಸಿದರೆ 3.28 ಕೆ.ಜಿ. ಬರುತ್ತದೆ. ಮಳೆಕಾಡಿನ ಮೂರು ಪಟ್ಟು! ನಕ್ಷೆಯ ಗರಿಷ್ಠ ಬೆಲೆ 3.28ರ ಹತ್ತಿರ ಇದ್ದರೆ ಬೇರೇನೂ ಹುಡುಕಬೇಡಿ, ಕಾರಣ ಇದೇ.

ರಾಸ್ಟರ್ ಕ್ಯಾಲ್ಕುಲೇಟರಿನಲ್ಲಿ ಹೀಗೆ ಬರೆಯಿರಿ: (ಪದರ × 0.0001) ÷ (ಪದರ <= 32700). ಷರತ್ತು ಸುಳ್ಳಾದಲ್ಲಿ ಸೊನ್ನೆಯಿಂದ ಭಾಗಿಸಿದಂತಾಗಿ ಕ್ಯೂಜಿಐಎಸ್ ಆ ಪಿಕ್ಸೆಲನ್ನು ಖಾಲಿ ಬಿಡುತ್ತದೆ. ಹಲವರು ಭಾಗಿಸುವ ಬದಲು ಗುಣಿಸುತ್ತಾರೆ. ಆಗ ಆ ಪಿಕ್ಸೆಲ್‌ಗಳಲ್ಲಿ 0 ಕೂತು ಸರಾಸರಿಯನ್ನು ಕೆಳಗೆಳೆಯುತ್ತದೆ.

ಇನ್ನೊಂದು ಮಾತು. ನಗರಗಳಿಗೆ ಈ ಉತ್ಪನ್ನದಲ್ಲಿ ಲೆಕ್ಕವನ್ನೇ ಹಾಕಿಲ್ಲ. ಆದ್ದರಿಂದ ‘ನಗರಗಳಲ್ಲಿ ಉತ್ಪಾದನೆ ಶೂನ್ಯ’ ಎಂದು ನಕ್ಷೆಯ ಕೆಳಗೆ ಬರೆಯಬೇಡಿ. ಬೂದು ಬಣ್ಣ ಹಚ್ಚಿ ‘ಲೆಕ್ಕಕ್ಕೆ ಸೇರಿಲ್ಲ’ ಎಂದು ಬರೆಯಿರಿ.

ಪ್ರಶ್ನೆ: ಸೆಂಟಿನೆಲ್-2 ಉಪಗ್ರಹದ ಚಿತ್ರಗಳಿಂದ ಒಂದು ಕಾಡಿನ ತುಣುಕಿನ ಎನ್‌ಡಿವಿಐ (ಸಸ್ಯ ಸೂಚ್ಯಂಕ) ಲೆಕ್ಕ ಹಾಕುತ್ತಿದ್ದೇನೆ. 2021ರವರೆಗೆ 0.75ರ ಹತ್ತಿರ ಇದ್ದದ್ದು 2022ರಿಂದ 0.5ಕ್ಕಿಂತ ಕೆಳಗಿದೆ. ಸ್ಥಳಕ್ಕೆ ಹೋಗಿ ನೋಡಿದರೆ ಕಾಡು ಹಾಗೆಯೇ ಇದೆ. (ಸಂಶೋಧನಾ ವಿದ್ಯಾರ್ಥಿನಿ)

ಕಾಡಿಗೆ ಏನೂ ಆಗಿಲ್ಲ. 2022ರ ಜನವರಿ 25ರಿಂದ ಬಳಕೆಗೆ ಬಂದ ಸಂಸ್ಕರಣಾ ಆವೃತ್ತಿ 04.00ರಲ್ಲಿ ಪ್ರತಿ ಪಿಕ್ಸೆಲ್ ಸಂಖ್ಯೆಗೂ 1000 ಕೂಡಿಸಿಡುತ್ತಾರೆ. ತೀರ ಮಬ್ಬಾದ ಜಾಗಗಳಲ್ಲಿ ಪ್ರತಿಫಲನ ಸೊನ್ನೆಗಿಂತ ಕೆಳಗಿಳಿದರೂ ದಾಖಲಾಗಲಿ ಎಂಬುದು ಅದರ ಉದ್ದೇಶ. ಬಳಸುವವರು ಮೊದಲು ಅದನ್ನು ಕಳೆಯಬೇಕು.

ಲೆಕ್ಕ ನೋಡಿ. ಸೂತ್ರ: (ಅವಕೆಂಪು − ಕೆಂಪು) ÷ (ಅವಕೆಂಪು + ಕೆಂಪು). ಸೆಂಟಿನೆಲ್-2ರಲ್ಲಿ ಕೆಂಪು 4ನೇ ಪಟ್ಟಿ (ಬ್ಯಾಂಡ್), ಅವಕೆಂಪು 8ನೇ ಪಟ್ಟಿ. ಎರಡೂ 10 ಮೀಟರ್. ಕೆಂಪು 400, ಅವಕೆಂಪು 3000 ಇದ್ದರೆ 2600 ÷ 3400, ಅಂದರೆ 0.76. ಎರಡಕ್ಕೂ 1000 ಸೇರಿದಾಗ 2600 ÷ 5400, ಅಂದರೆ 0.48. ಮೇಲಿನ ವ್ಯತ್ಯಾಸ ಹಾಗೆಯೇ ಉಳಿದು ಕೆಳಗಿನ ಮೊತ್ತ ಮಾತ್ರ ಹಿಗ್ಗಿತು. ನಿಮ್ಮ ಸಂಖ್ಯೆಗಳಿಗೆ ಇದು ಹೆಚ್ಚುಕಡಿಮೆ ಹೊಂದುತ್ತದೆ. ಗೂಗಲ್‌ನ ಅರ್ಥ್ ಎಂಜಿನ್ ಬಳಸುವುದಾದರೆ ಹೆಸರಿನಲ್ಲಿ ‘ಹಾರ್ಮೊನೈಸ್ಡ್’ ಎಂದಿರುವ ಸಂಗ್ರಹ ಆರಿಸಿ, ಅಲ್ಲಿ ಈ 1000ವನ್ನು ಸರಿಪಡಿಸಿಯೇ ಕೊಡುತ್ತಾರೆ.

ಮೋಡದ ಕಡೆಗೂ ಗಮನವಿರಲಿ. ಸಂಸ್ಕರಿಸಿದ ಚಿತ್ರದ ಜೊತೆ ಬರುವ ದೃಶ್ಯ ವರ್ಗೀಕರಣ ಪದರದಲ್ಲಿ 3 ಮೋಡದ ನೆರಳು, 8 ಮತ್ತು 9 ಮೋಡ, 10 ತೆಳು ಮೋಡ, 11 ಹಿಮ. ಈ ಐದನ್ನೂ ತೆಗೆಯಿರಿ. ಎಷ್ಟೋ ಮಂದಿ ಮೋಡ ತೆಗೆದು ನೆರಳನ್ನು ಮರೆಯುತ್ತಾರೆ.

ಪ್ರಶ್ನೆ: ಉಪಗ್ರಹಗಳ ಪ್ರಕಾರ ಭೂಮಿ ಮೊದಲಿಗಿಂತ ಹಸಿರಾಗುತ್ತಿದೆ ಎಂದು ಓದಿದೆ. ಹಾಗಾದರೆ ಪರಿಸರ ಹಾಳಾಗುತ್ತಿದೆ ಎನ್ನುವ ನಕ್ಷೆಗಳೆಲ್ಲ ಸುಳ್ಳೆ?

ಎರಡೂ ನಿಜ. ಎರಡು ನಕ್ಷೆಗಳೂ ಅಳೆಯುತ್ತಿರುವ ವಸ್ತು ಬೇರೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ಮೋಡಿಸ್ ದತ್ತಾಂಶ ಬಳಸಿ, 2000ರಿಂದ 2017ರ ನಡುವೆ ಜಗತ್ತಿನ ಒಟ್ಟು ಎಲೆ ವಿಸ್ತೀರ್ಣ ಶೇ 5ರಷ್ಟು ಹೆಚ್ಚಿದೆ ಎಂದು ಕಂಡುಕೊಂಡಿತು. ಆ ಹೆಚ್ಚಳದ ಮೂರನೇ ಒಂದು ಭಾಗ ಚೀನಾ ಮತ್ತು ಭಾರತದ್ದು. ಆದರೆ ಜಗತ್ತಿನ ಸಸ್ಯಾವೃತ ನೆಲದಲ್ಲಿ ಈ ಎರಡು ದೇಶಗಳ ಪಾಲು ಶೇ 9 ಮಾತ್ರ. ಚೀನಾದಲ್ಲಿ ಹೆಚ್ಚಿನ ಭಾಗ ಕಾಡು ಮತ್ತು ಹೊಲದಿಂದ ಬಂದರೆ, ಭಾರತದಲ್ಲಿ ಬಹುಪಾಲು ಹೊಲದಿಂದಲೇ ಬಂತು. ಒಂದು ಬೆಳೆಯ ಜಾಗದಲ್ಲಿ ನೀರು, ಗೊಬ್ಬರ ಹಾಕಿ ವರ್ಷಕ್ಕೆ ಎರಡು ಬೆಳೆ ತೆಗೆದರೆ ಉಪಗ್ರಹಕ್ಕೆ ಹಸಿರು ಹೆಚ್ಚಾದದ್ದು ಕಾಣುತ್ತದೆ. ಅದಕ್ಕಾಗಿ ಬತ್ತಿದ ಅಂತರ್ಜಲ ಕಾಣುವುದಿಲ್ಲ. ಇದರ ಜೊತೆಗೆ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿರುವುದೂ ಎಲೆಗಳ ಬೆಳವಣಿಗೆಗೆ ಇಂಬು ಕೊಟ್ಟಿದೆ.

ಎನ್‌ಡಿವಿಐನದೇ ಒಂದು ಮಿತಿ ಇದೆ. ಎಲೆಗಳ ಪದರ ದಟ್ಟವಾದಂತೆ, ಅಂದರೆ ಒಂದು ಚದರ ಮೀಟರ್ ನೆಲದ ಮೇಲೆ ಮೂರು ಚದರ ಮೀಟರಿಗಿಂತ ಹೆಚ್ಚು ಎಲೆ ಇದ್ದಾಗ, ಅದು 0.8–0.9ರಲ್ಲಿ ನಿಂತುಬಿಡುತ್ತದೆ. ಅಲ್ಲಿಂದಾಚೆ ಹಳೆಯ ಕಾಡು, ಒತ್ತಾಗಿ ನೆಟ್ಟ ತೋಪು, ಸೊಂಪಾದ ಬೆಳೆ ಎಲ್ಲಕ್ಕೂ ಒಂದೇ ಬಣ್ಣ. ನೀಲಿ ಪಟ್ಟಿಯನ್ನೂ ಬಳಸುವ ಇವಿಐ ಸೂಚ್ಯಂಕ ಇಲ್ಲಿ ವಾಸಿ: 2.5 × (ಅವಕೆಂಪು − ಕೆಂಪು) ÷ (ಅವಕೆಂಪು + 6 × ಕೆಂಪು − 7.5 × ನೀಲಿ + 1). ಇದಕ್ಕೆ 0ರಿಂದ 1ರೊಳಗಿನ ಪ್ರತಿಫಲನವನ್ನೇ ಕೊಡಬೇಕು. 10,000 ಪಟ್ಟು ಮಾಡಿಟ್ಟ ಪೂರ್ಣಾಂಕಗಳನ್ನು ಕೊಟ್ಟರೆ ಸೂತ್ರದಲ್ಲಿರುವ ಆ ‘+ 1’ ಲೆಕ್ಕಕ್ಕಿಲ್ಲದಂತಾಗಿ ಉತ್ತರ ಕೆಡುತ್ತದೆ.

ದ್ಯುತಿಸಂಶ್ಲೇಷಣೆ ನಡೆಯುತ್ತಿರುವಾಗ ಎಲೆಗಳು ಹೊಮ್ಮಿಸುವ ಅತಿ ಕ್ಷೀಣ ಕೆಂಪು ಬೆಳಕನ್ನು ಹಿಡಿಯುವ ಉಪಗ್ರಹಗಳೂ ಇವೆ: 2014ರಲ್ಲಿ ಹಾರಿದ ಒಸಿಒ-2, 2017ರ ಸೆಂಟಿನೆಲ್-5ಪಿ. ಹಸಿರು ಬಣ್ಣವನ್ನಲ್ಲ, ಎಲೆಯ ಕೆಲಸವನ್ನೇ ನೋಡುವ ವಿಧಾನ ಇದು. ಅಮೆರಿಕದ ಮೆಕ್ಕೆಜೋಳ ವಲಯ ಜುಲೈ ತಿಂಗಳಲ್ಲಿ ಅಮೆಜಾನ್‌ಗಿಂತ ಪ್ರಖರವಾಗಿ ಹೊಳೆಯುವುದು ಇದರಲ್ಲೇ ಎದ್ದು ಕಂಡದ್ದು. ಹೆಚ್ಚು ಉತ್ಪಾದನೆ ಇದ್ದಲ್ಲೆಲ್ಲ ಮನುಷ್ಯನ ಪ್ರಭಾವ ಕಡಿಮೆ ಇರುತ್ತದೆ ಎಂಬ ಊಹೆ ಅಲ್ಲಿಗೆ ಮುಗಿಯಿತು.

ಪ್ರಶ್ನೆ: ಕಡಲಿನ ನಕ್ಷೆಯಲ್ಲಿ ಕರಾವಳಿಯ ಕೆಲವು ಚುಕ್ಕೆ ಬಿಟ್ಟರೆ ಉಳಿದದ್ದೆಲ್ಲ ಒಂದೇ ನೀಲಿ. ಎಲ್ಲಿ ತಪ್ಪಿದೆ?

ಅಳತೆಗೋಲಿನಲ್ಲಿ. ಕಡಲ ಮೇಲ್ಪದರದ ಹರಿತ್ತಿನ (ಕ್ಲೋರೊಫಿಲ್) ಪ್ರಮಾಣ ಸಾಗರಗಳ ಮಧ್ಯಭಾಗದಲ್ಲಿ ಘನ ಮೀಟರಿಗೆ 0.1 ಮಿಲಿಗ್ರಾಂಗಿಂತ ಕಡಿಮೆ. ಕರಾವಳಿಯಲ್ಲಿ 1, 10, ಕೆಲವೆಡೆ ಇನ್ನೂ ಹೆಚ್ಚು. ಸಾಮಾನ್ಯ ಅಳತೆಗೋಲಿನಲ್ಲಿ ಎಲ್ಲ ಬಣ್ಣಗಳನ್ನೂ ಕರಾವಳಿಯೇ ಬಳಸಿಬಿಡುತ್ತದೆ. ಲಾಗರಿದಮ್ ಅಳತೆ ಹಾಕಿ, 0.01ರಿಂದ 20ರವರೆಗೆ. ವಿವರಣೆ ಪಟ್ಟಿಯಲ್ಲಿ 0.01, 0.1, 1, 10 ಎಂದು ಸಮ ಅಂತರದಲ್ಲಿ ಬರೆದು, ‘ಪ್ರತಿ ಹೆಜ್ಜೆಗೂ ಹತ್ತು ಪಟ್ಟು’ ಎಂದು ಸ್ಪಷ್ಟಪಡಿಸಿ.

ಹರಿತ್ತು ಎಂದರೆ ದಾಸ್ತಾನು, ಉತ್ಪಾದನೆಯಲ್ಲ. ಅದಕ್ಕೆ ಬೆಳಕು, ನೀರಿನ ತಾಪಮಾನ, ಹಗಲಿನ ಅವಧಿಗಳನ್ನು ಸೇರಿಸಿ ಬೆಹ್ರೆನ್‌ಫೆಲ್ಡ್ ಮತ್ತು ಫಾಲ್ಕೋವ್‌ಸ್ಕಿ 1997ರಲ್ಲಿ ರೂಪಿಸಿದ ಮಾದರಿಯಿಂದ ಲೆಕ್ಕ ಹಾಕಿದ ಉತ್ಪಾದನೆಯ ಕಡತಗಳು ಸಿದ್ಧರೂಪದಲ್ಲೇ ಸಿಗುತ್ತವೆ. ಇನ್ನು, ನದೀಮುಖಗಳ ಕೆಸರು ನೀರು ಹಲವು ಸಲ ಹರಿತ್ತಿನಂತೆ ಕಾಣುತ್ತದೆ. ಅಲ್ಲಿಯ ಪ್ರಖರ ಬಣ್ಣವನ್ನು ಪೂರ್ತಿ ನಂಬಬೇಡಿ.

ಪ್ರಶ್ನೆ: ಭೂಮಿಯ ಸಸ್ಯ ಉತ್ಪಾದನೆಯಲ್ಲಿ ಮನುಷ್ಯನ ಪಾಲು ಒಂದು ಕಡೆ ಶೇ 40, ಇನ್ನೊಂದು ಕಡೆ ಶೇ 24, ಮತ್ತೊಂದು ಕಡೆ ಶೇ 20 ಎಂದಿದೆ. ಯಾವುದು ಸರಿ? ಒಂದು ಹೊಲಕ್ಕೆ ನಾವೇ ಲೆಕ್ಕ ಹಾಕಬಹುದೆ? (ಕೃಷಿ ಪದವೀಧರ)

ಮೂರೂ ಹೆಸರಾಂತ ಲೆಕ್ಕಗಳೇ. ವಿಟೊಸೆಕ್ ಮತ್ತು ಸಂಗಡಿಗರು 1986ರಲ್ಲಿ ನೆಲದ ಉತ್ಪಾದನೆಯ ಶೇ 40ರ ಹತ್ತಿರದ ಅಂದಾಜು ಕೊಟ್ಟರು. ಮನುಷ್ಯ ಪ್ರಾಬಲ್ಯವಿರುವ ನೆಲದಲ್ಲಿ ಬೆಳೆದದ್ದನ್ನೂ, ನೆಲದ ಬಳಕೆ ಬದಲಾದ್ದರಿಂದ ಕೈತಪ್ಪಿದ್ದನ್ನೂ ಅವರು ಸೇರಿಸಿದ್ದರು. ಇಮ್ಹಾಫ್ ಮತ್ತಿತರರು 2004ರಲ್ಲಿ ಜನರು ಬಳಸುವ ಆಹಾರ, ನಾರು, ಮರಗಳಿಂದ ಹಿಂದಕ್ಕೆ ಎಣಿಸುತ್ತ ಹೋದರು. ಶೇ 20 ಬಂತು. ಹೇಬರ್ಲ್ ತಂಡ 2007ರಲ್ಲಿ, 2000ನೇ ಇಸವಿಯ ಸ್ಥಿತಿಗೆ, ಶೇ 23.8 ಎಂದಿತು. ಅದರಲ್ಲಿ ಕೊಯ್ಲು ಶೇ 53, ನೆಲದ ಬಳಕೆ ಬದಲಾಗಿ ಕುಸಿದ ಉತ್ಪಾದನೆ ಶೇ 40, ಮನುಷ್ಯ ಹಚ್ಚಿದ ಬೆಂಕಿ ಶೇ 7. ಮೂರಕ್ಕೂ ವ್ಯಾಖ್ಯೆಯೇ ಬೇರೆ. ಒಂದೇ ಸಾಲಿನಲ್ಲಿ ಇಟ್ಟು ‘40ರಿಂದ 20ಕ್ಕೆ ಇಳಿಯಿತು’ ಎಂದರೆ ಅದು ಅಪ್ಪಟ ತಪ್ಪು. ಒಂದೇ ವ್ಯಾಖ್ಯೆ ಹಿಡಿದು ನೋಡಿದ 2013ರ ಲೆಕ್ಕದಲ್ಲಿ 1910ರಲ್ಲಿ ಶೇ 13 ಇದ್ದದ್ದು 2005ಕ್ಕೆ ಶೇ 25 ಆಗಿದೆ. ಆ ಅವಧಿಯಲ್ಲಿ ಜನಸಂಖ್ಯೆ ಸುಮಾರು ನಾಲ್ಕು ಪಟ್ಟಾಯಿತು, ಈ ಪಾಲು ದುಪ್ಪಟ್ಟಷ್ಟೇ ಆಯಿತು. ಎಕರೆವಾರು ಇಳುವರಿ ಏರಿದ್ದು ಇದಕ್ಕೆ ಮುಖ್ಯ ಕಾರಣ. ಅದರ ಬೆಲೆಯನ್ನು ಗೊಬ್ಬರ, ಇಂಧನ, ನೀರಿನ ಲೆಕ್ಕದಲ್ಲಿ ಹುಡುಕಬೇಕು, ಈ ನಕ್ಷೆಯಲ್ಲಿ ಅದು ಬಾರದು.

ಹೊಲದ ಲೆಕ್ಕಕ್ಕೆ ಬರೋಣ. ಬೇಕಾದ್ದು ಮೂರು ಸಂಖ್ಯೆ: ಮನುಷ್ಯ ಇಲ್ಲದಿದ್ದರೆ ಅಲ್ಲಿ ಸಹಜ ಸಸ್ಯವರ್ಗ ಎಷ್ಟು ಬೆಳೆಯುತ್ತಿತ್ತು, ಈಗ ಎಷ್ಟು ಬೆಳೆಯುತ್ತಿದೆ, ಅದರಲ್ಲಿ ಎಷ್ಟು ಕೊಯ್ದು ಒಯ್ದರು. ಮೊದಲನೆಯದನ್ನು ಅಳೆಯಲು ಬರುವುದಿಲ್ಲ, ಸಸ್ಯವರ್ಗದ ಮಾದರಿಗಳಿಂದ ಪಡೆಯಬೇಕು. ಉದಾಹರಣೆಗೆ ಅದು ಚದರ ಮೀಟರಿಗೆ 700 ಗ್ರಾಂ ಇಂಗಾಲ ಇರಲಿ.

ಹೆಕ್ಟೇರಿಗೆ 4 ಟನ್ ಕಾಳು, ತೇವ ಶೇ 14. ಒಣ ತೂಕ 3.44 ಟನ್. ನೆಲದ ಮೇಲಿನ ಒಟ್ಟು ಬೆಳೆಯಲ್ಲಿ ಕಾಳಿನ ಪಾಲು 0.45 ಎಂದುಕೊಂಡರೆ ಒಟ್ಟು 7.64 ಟನ್; ಹುಲ್ಲು 4.2 ಟನ್. ಬೇರಿಗೆ ಶೇ 15 ಸೇರಿಸಿದರೆ 8.79 ಟನ್. ಒಣ ತೂಕದ ಶೇ 45 ಇಂಗಾಲ, ಅಂದರೆ 3.96 ಟನ್. ಹೆಕ್ಟೇರಿಗೆ 1 ಟನ್ ಎಂದರೆ ಚದರ ಮೀಟರಿಗೆ 100 ಗ್ರಾಂ, ಆದ್ದರಿಂದ ಈಗಿನ ಉತ್ಪಾದನೆ 396 ಗ್ರಾಂ. ಸಹಜ ಸ್ಥಿತಿಗಿಂತ 304 ಗ್ರಾಂ ಕಡಿಮೆ. ಕಾಳು ಪೂರ್ತಿ, ಹುಲ್ಲು ಅರ್ಧ ಹೊಲದಿಂದಾಚೆ ಹೋದರೆ 5.54 ಟನ್, ಇಂಗಾಲದ ಲೆಕ್ಕದಲ್ಲಿ 249 ಗ್ರಾಂ. 304ಕ್ಕೆ 249 ಕೂಡಿಸಿದರೆ 553. 700ರಲ್ಲಿ ಶೇ 79. ಉಳಿದ ಜೀವಿಗಳಿಗೆ ಆ ಹೊಲದಲ್ಲಿ ಉಳಿದದ್ದು 147 ಗ್ರಾಂ.

ಹೊಲದಲ್ಲೇ ಬಿಟ್ಟು ಉತ್ತ ಹುಲ್ಲನ್ನೂ ‘ಕೊಯ್ಲು’ ಎಂದೇ ಎಣಿಸುವ ಪದ್ಧತಿಯಿದೆ. ಹಾಗೆ ಎಣಿಸಿದರೆ 344 ಗ್ರಾಂ ಕೊಯ್ಲು, ಒಟ್ಟು 648, ಶೇ 93. ಬೇರನ್ನೂ ಸೇರಿಸುವವರಿದ್ದಾರೆ. ಹೊಲ ಅದೇ, ಬೆಳೆ ಅದೇ, ಉತ್ತರ ಮಾತ್ರ 79 ಅಥವಾ 93. ಯಾವ ಪದ್ಧತಿ ಹಿಡಿದಿರೆಂದು ನಕ್ಷೆಯ ಮೇಲೆಯೇ ಬರೆಯಿರಿ.

ನೈಲ್ ಕಣಿವೆಯಂಥ ಕಡೆ ಉತ್ತರ ಋಣ ಸಂಖ್ಯೆಯೂ ಬರಬಹುದು. ಸಹಜವಾಗಿ ಮರುಭೂಮಿಯಾಗಿರಬೇಕಾದ ನೆಲಕ್ಕೆ ನೀರು ಹಾಯಿಸಿ ಬೆಳೆದಾಗ, ಕೊಯ್ದ ಮೇಲೂ ಮೊದಲಿಗಿಂತ ಹೆಚ್ಚು ಉಳಿಯುತ್ತದೆ. ಅಂಥ ಪಿಕ್ಸೆಲ್‌ಗಳನ್ನು 0 ಎಂದು ತಿದ್ದಬೇಡಿ, ಪ್ರತ್ಯೇಕ ಬಣ್ಣ ಕೊಡಿ.

ಪ್ರಶ್ನೆ: ರಾತ್ರಿ ದೀಪಗಳ ಉಪಗ್ರಹ ಚಿತ್ರವನ್ನೇ ‘ಮಾನವ ಪ್ರಭಾವ’ದ ನಕ್ಷೆ ಎಂದು ಬಳಸಬಹುದೆ?

ಬೇಡ. ದೀಪ ತೋರಿಸುವುದು ದೀಪವನ್ನು. ಜಗತ್ತಿನ ನೆಲವನ್ನು ಅತಿ ಹೆಚ್ಚು ಬದಲಿಸಿದ ಹೊಲ ಮತ್ತು ಹುಲ್ಲುಗಾವಲು ರಾತ್ರಿ ಕತ್ತಲಲ್ಲೇ ಇರುತ್ತವೆ. ಜನವಸತಿಯೇ ಇಲ್ಲದ ಕಡೆ ತೈಲಬಾವಿಗಳ ಅನಿಲ ಜ್ವಾಲೆ, ಕಡಲ ನಡುವೆ ಮೀನುಗಾರಿಕೆ ದೋಣಿಗಳು ಪ್ರಖರವಾಗಿ ಹೊಳೆಯುತ್ತವೆ. ಜೊತೆಗೆ ಇಂಥ ಚಿತ್ರ ತೆಗೆಯುವ ವಿಐಐಆರ್‌ಎಸ್ ಸಂವೇದಕ ರಾತ್ರಿ 500ರಿಂದ 900 ನ್ಯಾನೊಮೀಟರ್ ಬೆಳಕನ್ನಷ್ಟೇ ಹಿಡಿಯುತ್ತದೆ. ಹಳದಿ ಸೋಡಿಯಂ ದೀಪ ತೆಗೆದು ನೀಲಿ ಅಂಶ ಹೆಚ್ಚಿರುವ ಎಲ್‌ಇಡಿ ಹಾಕಿದ ಊರು ನೆಲದಲ್ಲಿ ನಿಂತವರಿಗೆ ಬೆಳಗಿದ್ದರೂ ಉಪಗ್ರಹಕ್ಕೆ ಮಸುಕಾಗಬಹುದು.

‘ಮಾನವ ಹೆಜ್ಜೆಗುರುತು’ ನಕ್ಷೆ ಇದಕ್ಕಿಂತ ಮೇಲು. ಸ್ಯಾಂಡರ್‌ಸನ್ ತಂಡ 2002ರಲ್ಲಿ ಆರಂಭಿಸಿದ ಈ ವಿಧಾನವನ್ನು ವೆಂಟರ್ ತಂಡ 2016ರಲ್ಲಿ 1 ಕಿ.ಮೀ. ಪಿಕ್ಸೆಲ್‌ನಲ್ಲಿ 1993 ಮತ್ತು 2009ಕ್ಕೆ ಮಾಡಿತು. ಎಂಟು ಪದರಗಳಿಗೆ ಅಂಕ: ಕಟ್ಟಡ ಪ್ರದೇಶ, ಜನಸಾಂದ್ರತೆ, ರಾತ್ರಿ ದೀಪ ತಲಾ ಗರಿಷ್ಠ 10; ರಸ್ತೆ, ರೈಲು ಹಳಿ ತಲಾ 8; ಹೊಲ 7; ಹುಲ್ಲುಗಾವಲು 4; ಜಲಮಾರ್ಗ 4. ಕಟ್ಟಡ ಇದ್ದಲ್ಲಿ ಹೊಲ, ಹುಲ್ಲುಗಾವಲು ಎಣಿಸುವುದಿಲ್ಲವಾದ್ದರಿಂದ ಒಟ್ಟು 50ಕ್ಕೆ ನಿಲ್ಲುತ್ತದೆ. ಆ 16 ವರ್ಷಗಳಲ್ಲಿ ಜನಸಂಖ್ಯೆ ಶೇ 23, ಜಾಗತಿಕ ಆರ್ಥಿಕತೆ ಶೇ 153 ಏರಿದರೆ ಹೆಜ್ಜೆಗುರುತು ಏರಿದ್ದು ಶೇ 9. ಸಮಾಧಾನಪಡಲು ಅವಸರ ಬೇಡ. ಈ ಅಂಕಗಳು ತಜ್ಞರ ತೀರ್ಮಾನ, ಅಳತೆಯಲ್ಲ. ಮಾಲಿನ್ಯ, ಹವಾಮಾನ ಬದಲಾವಣೆ, ಬೇಟೆ ಇವಾವುವೂ ಎಂಟರಲ್ಲಿ ಇಲ್ಲ.

ಪ್ರಶ್ನೆ: ‘ನಮಗೆ 1.7 ಭೂಮಿ ಬೇಕು’ ಎನ್ನುವ ಲೆಕ್ಕ ಬರುವುದು ಎಲ್ಲಿಂದ?

ಮ್ಯಾಥಿಸ್ ವಾಕರ್ನಾಗೆಲ್ ಮತ್ತು ವಿಲಿಯಂ ರೀಸ್ 1990ರ ದಶಕದ ಆರಂಭದಲ್ಲಿ ರೂಪಿಸಿದ ಪರಿಸರ ಹೆಜ್ಜೆಗುರುತಿನಿಂದ. ಹೊಲ, ಹುಲ್ಲುಗಾವಲು, ಕಾಡು, ಮೀನುಗಾರಿಕೆಯ ನೀರು, ಕಟ್ಟಿದ ನೆಲ ಎಲ್ಲವನ್ನೂ ಜಗತ್ತಿನ ಸರಾಸರಿ ಉತ್ಪಾದಕತೆಯ ‘ಜಾಗತಿಕ ಹೆಕ್ಟೇರ್’ಗೆ ಪರಿವರ್ತಿಸುತ್ತಾರೆ. ಬೇಡಿಕೆಯ ಕಡೆ ಆರನೆಯದೊಂದು ಬಾಬತ್ತು ಸೇರುತ್ತದೆ: ನಾವು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಹೀರಲು ಬೇಕಾಗುವ ಕಾಡು. ಬೇಡಿಕೆಯನ್ನು ಲಭ್ಯತೆಯಿಂದ ಭಾಗಿಸಿದರೆ 2023ರ ಲೆಕ್ಕದಲ್ಲಿ 1.7ರಷ್ಟು. 365ನ್ನು ಅದರಿಂದ ಭಾಗಿಸಿದರೆ 215ನೇ ದಿನ, ಅಂದರೆ ಆಗಸ್ಟ್ ಮೊದಲ ವಾರ. 2023ರಲ್ಲಿ ಘೋಷಿಸಿದ ‘ಮಿತಿಮೀರಿದ ದಿನ’, ಅಂದರೆ ವರ್ಷದ ಲಭ್ಯತೆ ಮುಗಿದ ದಿನ, ಆಗಸ್ಟ್ 2.

ಚಿತ್ರ ಬರೆಯುವಾಗ ಒಂದೂ ಮುಕ್ಕಾಲು ಭೂಗೋಳ ಬಿಡಿಸುವ ಬದಲು ಎರಡು ಕಂಬ ನಿಲ್ಲಿಸಿ, ಒಂದು ಆರು ಬಾಬತ್ತುಗಳ ಬೇಡಿಕೆ, ಒಂದು ಐದು ಬಾಬತ್ತುಗಳ ಲಭ್ಯತೆ. ಬೇಡಿಕೆಯ ಕಂಬದಲ್ಲಿ ಸುಮಾರು ಶೇ 60 ಇಂಗಾಲದ್ದೇ ಎಂಬುದು ಆಗ ಕಣ್ಣಿಗೆ ಬೀಳುತ್ತದೆ. ಅದನ್ನು ತೆಗೆದರೆ ಮಿತಿಮೀರುವುದು ಬಹುಮಟ್ಟಿಗೆ ಮಾಯವಾಗುತ್ತದೆ. 2013ರಲ್ಲಿ ಬ್ಲೊಮ್‌ಕ್ವಿಸ್ಟ್ ಮತ್ತಿತರರು ಎತ್ತಿದ ಆಕ್ಷೇಪ ಇದೇ, ಮತ್ತು ಆಕ್ಷೇಪದಲ್ಲಿ ಹುರುಳಿದೆ. ಮಣ್ಣಿನ ಸವಕಳಿ, ಅಂತರ್ಜಲದ ಕುಸಿತವನ್ನು ಈ ಲೆಕ್ಕ ಸರಿಯಾಗಿ ಹಿಡಿಯುವುದಿಲ್ಲ. ಹಾಗೆಂದು ಎಸೆಯಬೇಕಿಲ್ಲ, ಇಂಗಾಲದ ಹೊರೆಯನ್ನು ನೆಲದ ಅಳತೆಯಲ್ಲಿ ತೋರಿಸುವ ಸಾಧನವಾಗಿ ಬಳಸಿ. ಹಳೆಯ ಪತ್ರಿಕೆಗಳಿಂದ ವರ್ಷವಾರು ದಿನಾಂಕ ಆಯ್ದು ಗೆರೆಚಿತ್ರ ಮಾಡುವುದು ಮಾತ್ರ ಬೇಡ. ಪ್ರತಿ ಆವೃತ್ತಿಯಲ್ಲೂ ಹಿಂದಿನ ವರ್ಷಗಳನ್ನೆಲ್ಲ ಹೊಸದಾಗಿ ಲೆಕ್ಕ ಹಾಕುತ್ತಾರೆ, ಆದ್ದರಿಂದ ಒಂದೇ ಆವೃತ್ತಿಯ ಸಾಲನ್ನೇ ಬಳಸಬೇಕು.

ಪ್ರಶ್ನೆ: ಪ್ರಕ್ಷೇಪ, ಬಣ್ಣ, ಮುದ್ರಣದ ಗಾತ್ರದ ಬಗ್ಗೆ ಚಿಕ್ಕದಾಗಿ ತಿಳಿಸಿ.

ಜಾಲತಾಣಗಳ ನಕ್ಷೆಗಳಲ್ಲಿ ಬಳಸುವ ಮರ್ಕೇಟರ್ ಬೇಡ. ಅದರಲ್ಲಿ 60 ಡಿಗ್ರಿ ಅಕ್ಷಾಂಶದ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ. ಉತ್ತರದ ಶೀತವಲಯದ ಕಾಡು ಹಿಗ್ಗಿ, ಉಷ್ಣವಲಯ ಕುಗ್ಗುತ್ತದೆ. ಮೋಲ್‌ವೈಡ್ ಅಥವಾ 2018ರಲ್ಲಿ ಬಂದ ಈಕ್ವಲ್ ಅರ್ಥ್ ಬಳಸಿ. ರಾಬಿನ್‌ಸನ್ ನೋಡಲು ಹಿತ, ಆದರೆ ಅದು ಸಮ-ವಿಸ್ತೀರ್ಣದ್ದಲ್ಲ. ಅಕ್ಷಾಂಶ–ರೇಖಾಂಶ ಜಾಲದಲ್ಲೇ ಸರಾಸರಿ ತೆಗೆಯುವವರು ಪ್ರತಿ ಪಿಕ್ಸೆಲನ್ನೂ ಅದರ ಅಕ್ಷಾಂಶದ ಕೊಸೈನ್‌ನಿಂದ ತೂಗಬೇಕು. 60 ಡಿಗ್ರಿಯಲ್ಲಿ ಒಂದು ಪಿಕ್ಸೆಲ್ ಸಮಭಾಜಕದ ಪಿಕ್ಸೆಲ್‌ನ ಅರ್ಧದಷ್ಟೇ.

ಉತ್ಪಾದನೆಗೆ ತಿಳಿಯಿಂದ ಗಾಢಕ್ಕೆ ಹೋಗುವ ಒಂದೇ ಸಾಲಿನ ಬಣ್ಣ ಇರಲಿ. ಕಾಮನಬಿಲ್ಲಿನ ಬಣ್ಣಗಳಲ್ಲಿ ಹಳದಿ ಪಟ್ಟಿ ಇಲ್ಲದ ಗಡಿಯನ್ನು ಇದೆಯೆಂದು ತೋರಿಸುತ್ತದೆ. ಏರಿಕೆ–ಇಳಿಕೆಯ ನಕ್ಷೆಗೆ ಕೆಂಪು–ಹಸಿರು ಜೋಡಿ ಬೇಡ, ಕಂದು–ನೀಲಿಹಸಿರು ಒಳ್ಳೆಯದು. ಗಂಡಸರಲ್ಲಿ ಶೇ 8ರವರೆಗೆ ಕೆಂಪು–ಹಸಿರು ಬೇರ್ಪಡಿಸಲು ಕಷ್ಟಪಡುವವರಿರುತ್ತಾರೆ.

ಎ0 ಹಾಳೆಯ ಉದ್ದ 1,189 ಮಿ.ಮೀ. ಇಂಚಿಗೆ 150 ಚುಕ್ಕೆಯಂತೆ ಸುಮಾರು 7,020 ಪಿಕ್ಸೆಲ್ ಹಿಡಿಯುತ್ತದೆ. ಇಡೀ ಭೂಮಿ ಅದರಲ್ಲಿ ಕೂತಾಗ ಸಮಭಾಜಕದಲ್ಲಿ ಒಂದು ಪಿಕ್ಸೆಲ್ 5.7 ಕಿ.ಮೀ. ಅಂದಮೇಲೆ 500 ಮೀಟರ್ ದತ್ತಾಂಶ ಹೊತ್ತು ತಿರುಗುವುದು ಗಣಕಕ್ಕೆ ಸುಮ್ಮನೆ ಭಾರ, 0.05 ಡಿಗ್ರಿಗೆ ಇಳಿಸಿದ 7,200 × 3,600ರ ಜಾಲ ಸಾಕು. ಇಳಿಸುವಾಗ ‘ಹತ್ತಿರದ ಪಿಕ್ಸೆಲ್’ ಬದಲು ‘ಸರಾಸರಿ’ ವಿಧಾನ ಆರಿಸಿ. ಗಣಕದ ಪರದೆಯ ಕಡು ಹಸಿರುಗಳು ನಾಲ್ಕು ಶಾಯಿಯ ಮುದ್ರಣದಲ್ಲಿ ಮಂಕಾಗಿ ಒಂದರಲ್ಲೊಂದು ಬೆರೆಯುತ್ತವೆ. ಪೂರ್ತಿ ಹಾಳೆ ಮುದ್ರಿಸುವ ಮುನ್ನ ವಿವರಣೆ ಪಟ್ಟಿ ಮತ್ತು ಅದರ ಪಕ್ಕ ಅಂಗೈಯಗಲದ ನಕ್ಷೆಯ ತುಣುಕನ್ನು ಅದೇ ಯಂತ್ರದಲ್ಲಿ, ಅದೇ ಕಾಗದದ ಮೇಲೆ ತೆಗೆಸಿ ನೋಡಿ. ಮೇಲಿನ ಎರಡು ಮೆಟ್ಟಿಲು ಬೇರೆಯಾಗಿ ಕಾಣದಿದ್ದರೆ ತಿಳಿ ತುದಿಯನ್ನು ಇನ್ನಷ್ಟು ತಿಳಿಯಾಗಿಸಿ ನಡುವಿನ ಅಂತರ ಹೆಚ್ಚಿಸಿ.